ಕಪ್ಪು ಪುಟಗಳಿಗೆ ಬಣ್ಣದ ದರ ಬಿದ್ದದ್ದು ಏಕೆ? ಎರಡು ಯಂತ್ರಗಳ ಬೂದು ಛಾಯೆ ಒಂದೇ ಆಗುವುದು ಹೇಗೆ?

ಮಂಡಿಪೇಟೆ ಮುದ್ರಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಂಡಿಪೇಟೆಯ ಒಂದು ಅಡ್ಡರಸ್ತೆಯಲ್ಲಿ ಹದಿನಾಲ್ಕು ವರ್ಷಗಳಿಂದ ಡಿಟಿಪಿ ಮತ್ತು ಡಿಜಿಟಲ್ ಮುದ್ರಣದ ಅಂಗಡಿ ನಡೆಸುತ್ತಿದ್ದೇನೆ. ಮದುವೆ ಕಾರ್ಡಿನ ಕೆಲಸ ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪತ್ತಿನ ಸಹಕಾರ ಸಂಘಗಳ ವಾರ್ಷಿಕ ವರದಿ, ಸಾಲದ ಖಾತೆಗಳ ವಿವರ ಪಟ್ಟಿ, ಕಾಲೇಜುಗಳ ಪ್ರಯೋಗ ಕೈಪಿಡಿ, ಹೀಗೆ ಪುಟ ಹೆಚ್ಚಾಗಿ ಅಲಂಕಾರ ಕಡಿಮೆ ಇರುವ ಕೆಲಸಗಳೇ ನಮ್ಮ ಅನ್ನ. ಸಂಘಗಳ ಸರ್ವ ಸದಸ್ಯರ ಸಭೆಗಳು ಸೆಪ್ಟೆಂಬರ್ ತಿಂಗಳೊಳಗೆ ಮುಗಿಯಬೇಕಾಗಿರುವುದರಿಂದ ಆಗಸ್ಟ್ ಎರಡನೆಯ ವಾರದಿಂದ ಯಂತ್ರಗಳಿಗೆ ಬಿಡುವಿರುವುದಿಲ್ಲ.

ನಮ್ಮಲ್ಲಿ ಎರಡು ಯಂತ್ರಗಳಿವೆ. ಒಂದು ನಮ್ಮದೇ ಆದ ಹಳೆಯ ಕಪ್ಪು ಬಿಳುಪಿನ ಯಂತ್ರ. ಇನ್ನೊಂದು ಕಳೆದ ವರ್ಷ ಬಾಡಿಗೆ ಕರಾರಿನ ಮೇಲೆ ತಂದ ಬಣ್ಣದ ಯಂತ್ರ. ಕರಾರಿನ ಪ್ರಕಾರ ಕಪ್ಪು ಪುಟಕ್ಕೆ 40 ಪೈಸೆ, ಬಣ್ಣದ ಪುಟಕ್ಕೆ 3 ರೂಪಾಯಿ 20 ಪೈಸೆ. ಈ ಬಾರಿ ಒಂದು ಸಂಘದ 48 ಪುಟಗಳ ವರದಿಯನ್ನು 400 ಪ್ರತಿ ಮಾಡಿಕೊಟ್ಟೆವು. ಅದರಲ್ಲಿ ಬಣ್ಣ ಬೇಕಾಗಿದ್ದದ್ದು ಎಂಟೇ ಪುಟಗಳಿಗೆ. ದರ ಹೇಳಿದ್ದೂ ಎಂಟು ಪುಟಗಳ ಲೆಕ್ಕದಲ್ಲಿ. ಪುಟಗಳನ್ನು ಬೇರೆ ಬೇರೆ ತೆಗೆದು ಕೈಯಿಂದ ಜೋಡಿಸುವ ತಾಪತ್ರಯ ಬೇಡವೆಂದು ಇಡೀ ಕಡತವನ್ನು ಬಣ್ಣದ ಯಂತ್ರಕ್ಕೇ ಕಳುಹಿಸಿ, ಬಣ್ಣವನ್ನು ಯಂತ್ರವೇ ಗುರುತಿಸುವ ಸ್ವಯಂಚಾಲಿತ ಸೆಟ್ಟಿಂಗ್ ಇಟ್ಟೆವು. ತಿಂಗಳ ಕೊನೆಯಲ್ಲಿ ಮೀಟರ್ ನೋಡಿದರೆ 48 ಪುಟಗಳೂ ಬಣ್ಣದ ಪುಟಗಳೆಂದೇ ದಾಖಲಾಗಿದ್ದವು. 40 ಪುಟಗಳನ್ನು 400ರಿಂದ ಗುಣಿಸಿದರೆ 16,000 ಪುಟ. ಪುಟಕ್ಕೆ 2 ರೂಪಾಯಿ 80 ಪೈಸೆಯಂತೆ 44,800 ರೂಪಾಯಿ ಕೈಯಿಂದ ಹೋಯಿತು. ಯಂತ್ರ ಕೊಟ್ಟವರನ್ನು ಕೇಳಿದರೆ ಮೀಟರ್ ಸುಳ್ಳು ಹೇಳುವುದಿಲ್ಲ ಎಂಬ ಒಂದೇ ಉತ್ತರ.

ಇನ್ನೊಂದು ತೊಂದರೆಯೂ ಇದೆ. ಮುಂದಿನ ವರದಿಯಲ್ಲಿ ಜಾಗ್ರತೆ ವಹಿಸಿ ಕಪ್ಪು ಪುಟಗಳನ್ನು ಹಳೆಯ ಯಂತ್ರದಲ್ಲಿಯೂ ಬಣ್ಣದ ಪುಟಗಳನ್ನು ಹೊಸದರಲ್ಲಿಯೂ ಅಚ್ಚು ಹಾಕಿ ಜೋಡಿಸಿದೆವು. ಆಗ ಕೋಷ್ಟಕಗಳ ತಲೆಸಾಲಿಗೆ ಕೊಟ್ಟಿದ್ದ ಬೂದು ಬಣ್ಣ ಒಂದು ಪುಟದಲ್ಲಿ ತಿಳಿಯಾಗಿ, ಎದುರಿನ ಪುಟದಲ್ಲಿ ಸಿಮೆಂಟಿನಂತೆ ಕಂಡಿತು. ಕಾರ್ಯದರ್ಶಿಗಳು ಎರಡು ಪುಸ್ತಕಗಳನ್ನು ಒಂದು ಮಾಡಿದ್ದೀರಾ ಎಂದು ಕೇಳಿದರು. ಈ ಎರಡಕ್ಕೂ ಪರಿಹಾರ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ದುರ್ಗದ ಸರ್ವಿಸ್, ಚಿತ್ರದುರ್ಗ

ಮಂಡಿಪೇಟೆಯವರೇ, ಮೀಟರ್ ಸುಳ್ಳು ಹೇಳುವುದಿಲ್ಲ ಎಂಬ ಮಾತು ನಿಜ; ಆದರೆ ಮೀಟರ್ ಏನನ್ನು ಎಣಿಸುತ್ತದೆ ಎಂಬುದನ್ನು ಅವರು ನಿಮಗೆ ಮೊದಲೇ ಹೇಳಬೇಕಾಗಿತ್ತು. ಬಹುತೇಕ ಬಣ್ಣದ ಯಂತ್ರಗಳು ಪುಟದ ಮೇಲೆ ಎಷ್ಟು ಬಣ್ಣವಿದೆ ಎಂದು ಅಳೆಯುವುದಿಲ್ಲ. ನೀಲಿ, ಕೆನ್ನೇರಳೆ, ಹಳದಿ ಟೋನರ್‌ಗಳಲ್ಲಿ (ಲೇಸರ್ ಯಂತ್ರದಲ್ಲಿ ಶಾಯಿಯ ಬದಲಿಗೆ ಬಳಸುವ ಪುಡಿ) ಯಾವುದಾದರೊಂದು ಆ ಪುಟಕ್ಕೆ ಬೇಕಾಗಿದೆ ಎಂದು ಕಡತವನ್ನು ಬಿಡಿಸುವ ಕಂಟ್ರೋಲರ್‌ಗೆ ಕಂಡರೆ ಸಾಕು, ಇಡೀ ಪುಟ ಬಣ್ಣದ ಲೆಕ್ಕಕ್ಕೆ ಹೋಗುತ್ತದೆ. ಅಡಿಬರಹದಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಇದ್ದರೂ ಅದೇ ದರ, ಪುಟ ತುಂಬ ಅಧ್ಯಕ್ಷರ ಭಾವಚಿತ್ರವಿದ್ದರೂ ಅದೇ ದರ.

ಕಣ್ಣಿಗೆ ಕಪ್ಪಾಗಿ ಕಾಣುವುದೆಲ್ಲ ಕಪ್ಪು ಟೋನರ್‌ನಿಂದಲೇ ಬಂದಿರುತ್ತದೆ ಎಂದು ನಂಬಬಾರದು. ಪರದೆಯ ಮೇಲೆ ಬಣ್ಣಗಳು ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಲ್ಲಿರುತ್ತವೆ, ಒಂದೊಂದೂ 0ಯಿಂದ 255ರವರೆಗೆ. ಯಂತ್ರ ಅವನ್ನು ನಾಲ್ಕು ಟೋನರ್‌ಗಳ ಪ್ರಮಾಣಕ್ಕೆ ಪರಿವರ್ತಿಸುವಾಗ, ಬೂದು ಬಣ್ಣವನ್ನು ಬರೀ ಕಪ್ಪು ಟೋನರ್‌ನಿಂದ ಮಾಡಬಹುದು, ಇಲ್ಲವೇ ಮೂರು ಬಣ್ಣಗಳನ್ನು ಬೆರೆಸಿಯೂ ಮಾಡಬಹುದು. ಛಾಯಾಚಿತ್ರಕ್ಕೆ ಬೆರೆಸಿದ ಬೂದು ಒಳ್ಳೆಯದು, ಏಕೆಂದರೆ ನೆರಳಿನ ಭಾಗಗಳು ನಯವಾಗಿ ಬರುತ್ತವೆ. ಲೆಕ್ಕಪತ್ರದ ಕೋಷ್ಟಕಕ್ಕೆ ಅದು ಬೇಡ: ಹಣವೂ ಹೆಚ್ಚು, ನಾಲ್ಕು ಬಣ್ಣಗಳು ಕೂದಲೆಳೆಯಷ್ಟು ಜಾರಿ ಕೂತರೂ ಅಕ್ಷರದ ಅಂಚಿನಲ್ಲಿ ಬಣ್ಣದ ಸೆರಗು ಕಾಣುತ್ತದೆ. ಫೈರಿಯಂತಹ ಕಂಟ್ರೋಲರ್‌ಗಳಲ್ಲಿ ಅಕ್ಷರ ಮತ್ತು ರೇಖಾಚಿತ್ರಗಳ ಬೂದು ಬಣ್ಣವನ್ನು ಕಪ್ಪು ಟೋನರ್‌ನಿಂದ ಮಾತ್ರ ಮುದ್ರಿಸುವ ಆಯ್ಕೆ ಪ್ರತ್ಯೇಕವಾಗಿಯೇ ಇರುತ್ತದೆ. ನಿಮ್ಮ ಯಂತ್ರದ ಡ್ರೈವರ್‌ನಲ್ಲಿಯೂ (ಕಂಪ್ಯೂಟರ್‌ನಿಂದ ಯಂತ್ರಕ್ಕೆ ಆಜ್ಞೆ ಕಳುಹಿಸುವ ತಂತ್ರಾಂಶ) ಹುಡುಕಿ ನೋಡಿ. ಆದರೆ ಈ ಆಯ್ಕೆ ಕೆಲಸ ಮಾಡುವುದು ಮೂರೂ ಸಂಖ್ಯೆಗಳು ಸಮನಾಗಿರುವ ಶುದ್ಧ ಬೂದಿಗೆ ಮಾತ್ರ. 128, 128, 128 ಆದರೆ ಕಪ್ಪು ಟೋನರ್. 128, 128, 130 ಆದರೆ ಅದು ಬಣ್ಣ. ಸ್ಕ್ಯಾನ್ ಮಾಡಿ ಸೇರಿಸಿದ ಪುಟಗಳ ಹಿನ್ನೆಲೆ ಎಂದೂ ಶುದ್ಧ ಬೂದಾಗಿರುವುದಿಲ್ಲ. ಹಳೆಯ ಕಾಗದದ ತೆಳು ಹಳದಿ ಸಾಕು ಮೀಟರ್ ತಿರುಗಲು.

ಲೆಕ್ಕದ ಮನೆ, ದಾವಣಗೆರೆ

ನಾನು ಮುದ್ರಕನಲ್ಲ, ಲೆಕ್ಕಪತ್ರ ನೋಡುವವನು. ಇಂತಹ ಬಿಲ್ ನಮ್ಮ ಕಚೇರಿಗೂ ಬಂದಿತ್ತು. ಕರಾರಿಗೆ ಸಹಿ ಹಾಕುವ ಮೊದಲು ಎ4ರ ಎರಡರಷ್ಟಿರುವ ಎ3 ಪುಟವನ್ನು ಒಂದೆಂದು ಎಣಿಸುತ್ತಾರೋ ಎರಡೆಂದೋ, ಯಂತ್ರ ತಾನಾಗಿಯೇ ಹಾಕಿಕೊಳ್ಳುವ ಪರೀಕ್ಷಾ ಪುಟಗಳು ಯಾರ ಲೆಕ್ಕಕ್ಕೆ, ಎರಡನ್ನೂ ಬರೆಸಿಕೊಳ್ಳಿ. ಇದಕ್ಕಿಂತ ಹೆಚ್ಚು ನನಗೆ ಹೇಳಲು ಬಾರದು.

ಒತ್ತಕ್ಷರ, ದಾವಣಗೆರೆ

ಇಪ್ಪತ್ತು ವರ್ಷಗಳಿಂದ ಅಕ್ಷರ ಜೋಡಣೆಯ ಕೆಲಸ ಮಾಡುತ್ತಿರುವವನಾಗಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಬೂದು ಬಣ್ಣದ ಹಣೆಬರಹ ತೀರ್ಮಾನವಾಗುವುದು ಕಡತದಲ್ಲಿ, ಯಂತ್ರದಲ್ಲಲ್ಲ. ಡ್ರೈವರ್‌ನಲ್ಲಿ ಗ್ರೇಸ್ಕೇಲ್ (ಎಲ್ಲ ಬಣ್ಣಗಳನ್ನೂ ಬೂದಿಗೆ ಬದಲಿಸುವ ಆಯ್ಕೆ) ಒತ್ತಿಬಿಡಿ ಎಂದು ಹಲವರು ಹೇಳುತ್ತಾರೆ. ಅದರಿಂದ ಬಿಲ್ ಇಳಿಯುತ್ತದೆ, ಆದರೆ ಅಕ್ಷರ ಕೆಡುತ್ತದೆ.

ಸಂಘದವರು ವರ್ಡ್‌ನಲ್ಲಿ ಸಿದ್ಧಪಡಿಸಿ ಕಳುಹಿಸುವ ಕಡತಗಳನ್ನು ತೆಗೆದು ನೋಡಿ. 2013ರಿಂದ 2022ರವರೆಗಿನ ಆಫೀಸ್‌ನ ಮೂಲ ವಿನ್ಯಾಸದಲ್ಲಿ ಕಪ್ಪು ಬಿಳುಪಿನ ಪಕ್ಕದಲ್ಲಿಯೇ ಒಂದು ಮಬ್ಬು ನೀಲಿಬೂದು ಇದೆ. ಅದರ ಸಂಖ್ಯೆಗಳು 68, 84, 106. ಪರದೆಯ ಮೇಲೆ ಅದು ಗಂಭೀರವಾಗಿ ಕಾಣುವುದರಿಂದ ಶೀರ್ಷಿಕೆಗಳಿಗೆ ಎಲ್ಲರೂ ಅದನ್ನೇ ಆರಿಸುತ್ತಾರೆ. ಬಣ್ಣದ ಸೆಟ್ಟಿಂಗ್‌ನಲ್ಲಿ ಮುದ್ರಿಸಿದರೆ ಅದು ಬಣ್ಣದ ಪುಟವಾಗುತ್ತದೆ. ಗ್ರೇಸ್ಕೇಲ್ ಮಾಡಿದರೆ ಸುಮಾರು 68 ಪ್ರತಿಶತದ ಬೂದಾಗುತ್ತದೆ. ಲೇಸರ್ ಯಂತ್ರದಲ್ಲಿ ಬೂದು ಟೋನರ್ ಎಂಬುದೇ ಇಲ್ಲ. ಇರುವುದು ಕಪ್ಪು ಟೋನರ್ ಒಂದೇ, ಅದನ್ನು ಚುಕ್ಕಿಗಳಾಗಿ ಚೆಲ್ಲಿ ನಮ್ಮ ಕಣ್ಣಿಗೆ ಬೂದೆಂದು ತೋರಿಸಲಾಗುತ್ತದೆ. ಚುಕ್ಕಿಗಳ ಸಾಲು ಅಂಗುಲಕ್ಕೆ 150 ಇದ್ದರೆ ಒಂದು ಚುಕ್ಕಿಯ ಮನೆಯ ಅಗಲ ಸುಮಾರು 0.17 ಮಿಲಿಮೀಟರ್. 8 ಪಾಯಿಂಟ್‌ನಲ್ಲಿ ಕೂರಿಸಿದ ಕನ್ನಡದ ಒತ್ತಿನ ಗೆರೆಯೂ ಹೆಚ್ಚು ಕಡಿಮೆ ಅಷ್ಟೇ ದಪ್ಪವಿರುತ್ತದೆ. ಗೆರೆಯೇ ಚುಕ್ಕಿಯಷ್ಟಿದ್ದ ಮೇಲೆ ಚುಕ್ಕಿಗಳಿಂದ ಗೆರೆಯನ್ನು ಕಟ್ಟುವುದು ಹೇಗೆ? ಇಂಗ್ಲಿಷ್ ಅಕ್ಷರಗಳಾದರೆ ಹೇಗೋ ಓದಿಸಿಕೊಳ್ಳುತ್ತವೆ. ನಮ್ಮ ರಾಷ್ಟ್ರದ ಷ್ಟ್ರ, ಸಾಮರ್ಥ್ಯದ ರ್ಥ್ಯ ಇಂಥವು ಅಂಚು ಹರಿದು, ಒಳಗಿನ ಬಿಳಿ ಮುಚ್ಚಿ, ಬರೀ ಕಲೆಗಳಾಗುತ್ತವೆ.

ಆದ್ದರಿಂದ 12 ಪಾಯಿಂಟ್‌ಗಿಂತ ಕಡಿಮೆ ಇರುವ ಯಾವ ಕನ್ನಡ ಅಕ್ಷರಕ್ಕೂ ನಾನು ಬೂದು ಕೊಡುವುದಿಲ್ಲ. ಒತ್ತು ಕೊಡಬೇಕಾದರೆ ದಪ್ಪ ಅಕ್ಷರ, ಇಲ್ಲವೇ ಒಂದು ಗೆರೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರವೂ ಅಷ್ಟೇ ಅಪಾಯ. ಟೋನರ್ ಕರಗಿ ಒಂದಿಷ್ಟು ಹರಡುವುದರಿಂದ ಒತ್ತಕ್ಷರದ ಸಂದುಗಳು ತುಂಬಿಹೋಗುತ್ತವೆ. ಬಣ್ಣದ ಪುಟಗಳಲ್ಲಿ ಹಳದಿ ಪಟ್ಟಿಯ ಮೇಲೆ ಕಪ್ಪು ಅಕ್ಷರವಿದ್ದರೆ ಕಪ್ಪನ್ನು ಹಳದಿಯ ಮೇಲೆಯೇ ಮುದ್ರಿಸುವ ಓವರ್‌ಪ್ರಿಂಟ್ ಆಯ್ಕೆ ಇಡಿ. ಇಲ್ಲದಿದ್ದರೆ ಅಕ್ಷರದ ಆಕಾರದಷ್ಟು ಹಳದಿಯನ್ನು ಕತ್ತರಿಸಿ ಅಲ್ಲಿ ಕಪ್ಪನ್ನು ಕೂರಿಸುತ್ತದೆ. ಸ್ವಲ್ಪ ಜಾರಿದರೂ ಪ್ರತಿ ಅಕ್ಷರಕ್ಕೂ ಬಿಳಿಯ ಗೆರೆ.

ಮಂಡಿಪೇಟೆ ಮುದ್ರಕ, ದಾವಣಗೆರೆ

ತುಂಬ ಉಪಯುಕ್ತ ಮಾತುಗಳು. ಒತ್ತಕ್ಷರ ಅವರೇ, ನೀವು ಹೇಳಿದ ನೀಲಿಬೂದು ಆ ವರದಿಯ ಶೀರ್ಷಿಕೆಗಳಲ್ಲಿ ಇದ್ದದ್ದು ನಿಜ, ಈಗ ತೆಗೆದು ನೋಡಿದೆ. ಆದರೆ ಶೀರ್ಷಿಕೆ ಇರುವುದು ಹದಿನೈದು ಪುಟಗಳಲ್ಲಿ ಮಾತ್ರ. ಉಳಿದವು ಬರೀ ಅಂಕಿ ಅಂಶಗಳು. ಅವು ಏಕೆ ಬಣ್ಣವಾದವು? ಅಚ್ಚು ಹಾಕುವ ಮೊದಲೇ ಯಾವ ಪುಟ ಬಣ್ಣ, ಯಾವುದು ಕಪ್ಪು ಎಂದು ತಿಳಿಯುವ ದಾರಿ ಇದೆಯೇ? 48 ಪುಟಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡುತ್ತ ಕೂರುವಷ್ಟು ಸಮಯ ಆಗಸ್ಟ್‌ನಲ್ಲಿ ಯಾರಿಗೂ ಇರುವುದಿಲ್ಲ.

ಎಂಸಿಸಿ ಬಡಾವಣೆ, ದಾವಣಗೆರೆ

ಇದೆ, ಅದೂ ಪುಕ್ಕಟೆ. ಘೋಸ್ಟ್‌ಸ್ಕ್ರಿಪ್ಟ್ ಎಂಬ ಮುಕ್ತ ತಂತ್ರಾಂಶದಲ್ಲಿ ಇಂಕ್‌ಕವ್ ಎಂಬ ಒಂದು ಸೌಲಭ್ಯವಿದೆ. ಪಿಡಿಎಫ್ ಕಡತವನ್ನು ಅದಕ್ಕೆ ಕೊಟ್ಟರೆ ಪ್ರತಿ ಪುಟಕ್ಕೂ ನಾಲ್ಕು ಸಂಖ್ಯೆಗಳನ್ನು ಸಾಲಾಗಿ ಬರೆದುಕೊಡುತ್ತದೆ: ನೀಲಿ, ಕೆನ್ನೇರಳೆ, ಹಳದಿ, ಕಪ್ಪು. ಮೊದಲ ಮೂರೂ ಸೊನ್ನೆಯಾಗಿದ್ದರೆ ಆ ಪುಟದಲ್ಲಿ ಕಪ್ಪು ಮಾತ್ರ ಇದೆ ಎಂದರ್ಥ. ಆ ಸಂಖ್ಯೆ ಪುಟದ ಎಷ್ಟು ಭಾಗದಲ್ಲಿ ಆ ಬಣ್ಣ ಒಂದಿಷ್ಟಾದರೂ ಇದೆ ಎಂಬುದನ್ನು ತೋರಿಸುತ್ತದೆಯೇ ಹೊರತು ಎಷ್ಟು ಗಾಢವಾಗಿದೆ ಎಂಬುದನ್ನಲ್ಲ. ನಿಮಗೆ ಬೇಕಾಗಿರುವುದೂ ಅದೇ ತಾನೆ. ಸಂಖ್ಯೆ ತೀರ ಸಣ್ಣದಾಗಿದ್ದು ಸೊನ್ನೆಯಾಗಿರದಿದ್ದರೆ ಆ ಪುಟದಲ್ಲಿ ಎಲ್ಲೋ ಒಂದು ಗೆರೆಯೋ ಕೊಂಡಿಯೋ ಅಡಗಿದೆ ಎಂದು ತಿಳಿಯಬೇಕು. ಅದನ್ನು ಹುಡುಕಲು ಅಕ್ರೊಬ್ಯಾಟ್ ಪ್ರೊದ ಔಟ್‌ಪುಟ್ ಪ್ರಿವ್ಯೂ ತೆರೆದು ಕಪ್ಪು ಪ್ಲೇಟನ್ನು, ಅಂದರೆ ಕಪ್ಪು ಬಣ್ಣದ ಪದರವನ್ನು, ಮುಚ್ಚಿಬಿಡಿ, ಉಳಿದದ್ದೆಲ್ಲ ಬಣ್ಣ.

ಒಂದು ಎಚ್ಚರಿಕೆ. ಘೋಸ್ಟ್‌ಸ್ಕ್ರಿಪ್ಟ್ ಪರದೆಯ ಬಣ್ಣಗಳನ್ನು ತನ್ನದೇ ರೀತಿಯಲ್ಲಿ ಪರಿವರ್ತಿಸಿ ಎಣಿಸುತ್ತದೆ, ನಿಮ್ಮ ಯಂತ್ರದ ಕಂಟ್ರೋಲರ್ ಅದರದೇ ರೀತಿಯಲ್ಲಿ. ಆದುದರಿಂದ ಎರಡೂ ಎಲ್ಲ ಪುಟಗಳಲ್ಲಿ ಒಪ್ಪಬೇಕೆಂದಿಲ್ಲ. ಮೊದಲ ಸಲ ಒಂದೇ ಒಂದು ಪ್ರತಿ ಅಚ್ಚು ಹಾಕಿ, ಮೀಟರ್‌ನ ಮೊದಲಿನ ಮತ್ತು ನಂತರದ ಅಂಕಿಯನ್ನು ಬರೆದಿಟ್ಟುಕೊಂಡು ತಾಳೆ ನೋಡಿ. 400 ಪ್ರತಿಗೆ ಕೈ ಹಾಕುವ ಮೊದಲು ಇಷ್ಟು ಮಾಡಿದ್ದರೆ ನಿಮಗೆ ಹೋಗುತ್ತಿದ್ದದ್ದು 112 ರೂಪಾಯಿ ಮಾತ್ರ.

ಹರಿಹರ ಆಫ್‌ಸೆಟ್

ನೀವೆಲ್ಲ ಹೇಳುತ್ತಿರುವುದನ್ನು ಓದಿದರೆ ನೆಗಡಿಗೆ ಮೂಗು ಕೊಯ್ಯುವ ವೈದ್ಯದಂತೆ ತೋರುತ್ತದೆ. ಕಚೇರಿಯ ಕೆಲಸದಲ್ಲಿ ಬಣ್ಣವೆಂದರೆ ಮುಕ್ಕಾಲು ಪಾಲು ಸಂಘದ ಲಾಂಛನ ಮತ್ತು ತಲೆಬರಹ. ಅದು ವರ್ಷಗಟ್ಟಲೆ ಬದಲಾಗುವುದಿಲ್ಲ. ಹತ್ತು ಸಾವಿರ ಹಾಳೆಗಳಿಗೆ ಆಫ್‌ಸೆಟ್‌ನಲ್ಲಿ ಒಂದೇ ಸಲ ಬಣ್ಣ ಹೊಡೆಸಿಟ್ಟುಕೊಂಡು, ಖಾತೆಯ ವಿವರಗಳನ್ನು ಬರೀ ಕಪ್ಪು ಯಂತ್ರದಲ್ಲಿ ಅದರ ಮೇಲೆ ಮುದ್ರಿಸಿದರೆ ಮೀಟರ್‌ನ ಪ್ರಶ್ನೆಯೇ ಬರುವುದಿಲ್ಲ. ಲಾಂಛನದ ಕೆಂಪು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಒಂದೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಾಂಛನವನ್ನು ತಿಂಗಳಿಗೊಂದು ಕೆಂಪಿನಲ್ಲಿ ಮುದ್ರಿಸುವ ಡಿಜಿಟಲ್ ಅಂಗಡಿಗಳನ್ನು ನಾನು ನೋಡುತ್ತಲೇ ಇದ್ದೇನೆ.

ಹಾಗೆ ಮಾಡುವವರು ಎರಡು ವಿಷಯ ನೆನಪಿಡಬೇಕು. ಲೇಸರ್ ಯಂತ್ರದ ಫ್ಯೂಸರ್ ಟೋನರನ್ನು ಕರಗಿಸಿ ಕಾಗದಕ್ಕೆ ಅಂಟಿಸುವುದು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಆ ಶಾಖವನ್ನು ತಡೆಯುವ ಶಾಯಿಯನ್ನೇ ಬಳಸಲು ಪ್ರೆಸ್‌ನವರಿಗೆ ಮೊದಲೇ ಹೇಳಬೇಕು, ಮತ್ತು ಹಾಳೆಗಳು ಪೂರ್ತಿ ಒಣಗಲು ಹಲವು ದಿನ ಬಿಡಬೇಕು. ಹಸಿ ಶಾಯಿಯ ಹಾಳೆ ಯಂತ್ರಕ್ಕೆ ಹೋದರೆ ಶಾಯಿ ಫ್ಯೂಸರ್‌ನ ರೋಲರ್‌ಗೆ ಹತ್ತಿ ಮುಂದಿನ ನೂರು ಹಾಳೆಗಳಿಗೆ ಮುದ್ರೆಯೊತ್ತುತ್ತದೆ. ಹಾಳೆಗಳು ಅಂಟದಿರಲೆಂದು ಪ್ರೆಸ್‌ನಲ್ಲಿ ಸಿಂಪಡಿಸುವ ಪುಡಿ ಹೆಚ್ಚಾದರೂ ಟೋನರ್‌ನಲ್ಲಿ ಚಿತ್ರ ಮೂಡಿಸುವ ಸುರುಳಿಯಾದ ಡ್ರಮ್ ಕೆಡುತ್ತದೆ.

ದುರ್ಗದ ಸರ್ವಿಸ್, ಚಿತ್ರದುರ್ಗ

ಹರಿಹರದವರ ಮಾತನ್ನು ಸಾಲದ ಖಾತೆಯ ವಿವರ ಪಟ್ಟಿಗಳ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ. ವಾರ್ಷಿಕ ವರದಿಗೆ ಅದು ಹೊಂದದು. ನಿರ್ದೇಶಕರ ಭಾವಚಿತ್ರಗಳೂ ನಕ್ಷೆಗಳೂ ಪ್ರತಿ ವರ್ಷ ಬೇರೆ.

ಮಂಡಿಪೇಟೆಯವರ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಡತದಲ್ಲಿ 20 ಪ್ರತಿಶತ ಬೂದು ಎಂದು ಬರೆದಿದ್ದರೂ ಕಾಗದದ ಮೇಲೆ ಬರುವುದು ಆಯಾ ಯಂತ್ರದ ಚುಕ್ಕಿಯ ಆಕಾರ, ಟೋನರ್‌ನ ಹರಡುವಿಕೆ, ಡ್ರಮ್‌ನ ವಯಸ್ಸು ಮತ್ತು ಕಾಗದದ ಬಿಳುಪು ಇವೆಲ್ಲವೂ ಸೇರಿದ ಫಲ. ಒಂದು ಲೆಕ್ಕ ಹೇಳುತ್ತೇನೆ. ಅಂಗುಲಕ್ಕೆ 600 ಬಿಂದುಗಳನ್ನು ಹಾಕುವ ಯಂತ್ರದಲ್ಲಿ ಅಂಗುಲಕ್ಕೆ 150 ಸಾಲಿನ ಚುಕ್ಕಿ ಇಟ್ಟರೆ ಒಂದು ಚುಕ್ಕಿಯ ಮನೆಗೆ ಸಿಗುವುದು ನಾಲ್ಕು ಅಡ್ಡ, ನಾಲ್ಕು ಉದ್ದ, ಒಟ್ಟು 16 ಬಿಂದುಗಳು. ಅಂದರೆ ಬಿಳುಪನ್ನೂ ಸೇರಿಸಿ 17 ಮೆಟ್ಟಿಲುಗಳಷ್ಟೇ ಬೂದು. 1200 ಬಿಂದುಗಳ ಯಂತ್ರದಲ್ಲಿ ಅದೇ 65 ಮೆಟ್ಟಿಲು. ಹೊಸ ಯಂತ್ರಗಳು ಒಂದೊಂದು ಬಿಂದುವಿನ ಗಾತ್ರವನ್ನೂ ಹೆಚ್ಚು ಕಡಿಮೆ ಮಾಡಬಲ್ಲವಾದ್ದರಿಂದ ಅವುಗಳಲ್ಲಿ ಮೆಟ್ಟಿಲು ಇನ್ನೂ ಹೆಚ್ಚು. ನಿಮ್ಮ ಹಳೆಯ ಯಂತ್ರಕ್ಕೆ 20 ಪ್ರತಿಶತ ಎಂಬ ಮೆಟ್ಟಿಲೇ ಇಲ್ಲದಿರಬಹುದು. ಅದು ಹತ್ತಿರದ ಮೆಟ್ಟಿಲಿಗೆ ಹಾರುತ್ತದೆ, ಮೇಲೆ ಟೋನರ್ ಹರಡಿ ಇನ್ನಷ್ಟು ಕಪ್ಪಾಗುತ್ತದೆ. ಸಿಮೆಂಟಿನಂತೆ ಕಂಡದ್ದು ಹಳೆಯ ಯಂತ್ರದ ಪುಟವೇ ಇರಬೇಕು.

ಮಾಡಬೇಕಾದದ್ದು ಇಷ್ಟು. ಬಿಳುಪಿನಿಂದ ಕಪ್ಪಿನವರೆಗೆ ಐದೈದು ಪ್ರತಿಶತ ಏರುವ 21 ಚೌಕಗಳ ಒಂದು ಪಟ್ಟಿಯನ್ನು ಮಾಡಿಕೊಳ್ಳಿ. ಮೊದಲು ಎರಡೂ ಯಂತ್ರಗಳ ಸ್ವಯಂ ಹೊಂದಾಣಿಕೆ ನಡೆಸಿ. ಬಹುತೇಕ ಯಂತ್ರಗಳು ಒಂದು ಪರೀಕ್ಷಾ ಹಾಳೆಯನ್ನು ಅಚ್ಚು ಹಾಕಿ, ಅದನ್ನು ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಿಸಿಕೊಂಡು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಇದನ್ನು ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಮಾಡಬೇಕು. 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಹಾಳೆಯಲ್ಲಿ ತಿದ್ದಿಸಿ 80 ಜಿಎಸ್‌ಎಂ ಹಾಳೆಯಲ್ಲಿ ಕೆಲಸ ತೆಗೆದರೆ ತಿದ್ದಿದ್ದು ವ್ಯರ್ಥ. ನಂತರ ಎರಡೂ ಯಂತ್ರಗಳಿಂದ ಪಟ್ಟಿಯನ್ನು ತೆಗೆದು ಅಕ್ಕಪಕ್ಕ ಇಟ್ಟು, ಹೊಸ ಯಂತ್ರದ 20ಕ್ಕೆ ಹಳೆಯದರ ಯಾವ ಚೌಕ ಸಮವಾಗಿದೆ ಎಂದು ನೋಡಿ. ಅದು 15 ಆಗಿದ್ದರೆ ಹಳೆಯ ಯಂತ್ರಕ್ಕೆ ಹೋಗುವ ಕಡತದಲ್ಲಿ 15 ಎಂದೇ ಬರೆಯಿರಿ. ಅಳತೆಯ ಉಪಕರಣವಿಲ್ಲದ ಅಂಗಡಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ನೋಡುವಾಗ ಅಂಗಡಿಯ ಟ್ಯೂಬ್‌ಲೈಟ್ ಆರಿಸಿ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಹಗಲಿನಲ್ಲಿ ನೋಡಿ. ಮುದ್ರಣವನ್ನು ನೋಡಲು ಐಎಸ್‌ಒ 3664 ಮಾನದಂಡ ಹೇಳುವುದು ಸುಮಾರು 5000 ಕೆಲ್ವಿನ್ ಬೆಳಕು. ನಮ್ಮ ಅಂಗಡಿಗಳ ಎಲ್‌ಇಡಿ ಟ್ಯೂಬ್‌ಗಳು ಸಾಮಾನ್ಯವಾಗಿ 6500 ಕೆಲ್ವಿನ್‌ನ ನೀಲಿ ಬೆಳಕಿನವು.

ಇನ್ನು ಯಂತ್ರದ ಆರೋಗ್ಯ. ಅಕ್ಷರಗಳು ಚೆನ್ನಾಗಿ ಬರುತ್ತಿವೆ ಎಂದ ಮಾತ್ರಕ್ಕೆ ಡ್ರಮ್ ಚೆನ್ನಾಗಿದೆ ಎಂದಲ್ಲ. ಸವೆತ ಮೊದಲು ಕಾಣಿಸುವುದು ತೆಳು ಬೂದಿನ ಅಗಲವಾದ ಪಟ್ಟಿಗಳಲ್ಲಿ. ಬೂದಿನಲ್ಲಿ ಒಂದೇ ಕಲೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬಂದರೆ ಸ್ಕೇಲ್ ಇಟ್ಟು ಅಳೆಯಿರಿ. 94 ಮಿಲಿಮೀಟರ್‌ಗೊಮ್ಮೆ ಬಂದರೆ 30 ಮಿಲಿಮೀಟರ್ ವ್ಯಾಸದ ಸುರುಳಿಯೊಂದರ ದೋಷ, ಏಕೆಂದರೆ ಅದರ ಸುತ್ತಳತೆ ಅಷ್ಟೇ. ಯಾವ ಬಿಡಿಭಾಗದ ವ್ಯಾಸ ಎಷ್ಟೆಂದು ಸರ್ವಿಸ್ ಕೈಪಿಡಿಯಲ್ಲಿ ಇರುತ್ತದೆ. ಕಾಗದ ಚಲಿಸುವ ದಿಕ್ಕಿನಲ್ಲಿ ಉದ್ದಕ್ಕೂ ಬಿಳಿಯ ಗೆರೆ ಬಂದರೆ ಲೇಸರ್ ಹೊರಬರುವ ಗಾಜಿನ ಮೇಲೆ ಧೂಳು ಕೂತಿದೆ ಎಂದು ಮೊದಲು ಅನುಮಾನಿಸಿ. ಗಾಳಿಯಂತ್ರಗಳನ್ನೇ ತಿರುಗಿಸುವ ನಮ್ಮ ದುರ್ಗದ ಆಷಾಢದ ಗಾಳಿಗೆ ಇದು ಪ್ರತಿ ವರ್ಷದ ಹಾಡು. ಆಗ ನಾನು ಬರೀ ಗಾಜು ಒರೆಸಿಯೇ ಎಷ್ಟೋ ಡ್ರಮ್‌ಗಳನ್ನು ಉಳಿಸಿದ್ದೇನೆ.

ಕೊನೆಯದಾಗಿ ಕಾಗದದ ತೇವ. ನಿಮ್ಮ ವರದಿಗಳ ಹಂಗಾಮು ಮಳೆಗಾಲದಲ್ಲಿಯೇ ಬರುತ್ತದೆ. ತೇವ ಹಿಡಿದ ಕಾಗದ ವಿದ್ಯುತ್ತನ್ನು ಹರಿಯಬಿಡುವುದರಿಂದ ಟೋನರನ್ನು ಎಳೆದುಕೊಳ್ಳುವ ಶಕ್ತಿ ಅದರಲ್ಲಿ ಉಳಿಯದೆ, ಬೂದು ಭಾಗವೆಲ್ಲ ಮಚ್ಚೆ ಮಚ್ಚೆಯಾಗುತ್ತದೆ. ರೀಮಿನ ಹೊದಿಕೆಯನ್ನು ಬೇಕಾದಾಗ ಮಾತ್ರ ಬಿಚ್ಚಿ, ರಾತ್ರಿ ಟ್ರೇನಲ್ಲಿ ಉಳಿದ ಹಾಳೆಗಳನ್ನು ತೆಗೆದು ಮತ್ತೆ ಸುತ್ತಿಡಿ, ನೆಲದ ಮೇಲೆ ರೀಮು ಇಡಬೇಡಿ.

ಸಂಘದ ಕಾರ್ಯದರ್ಶಿ, ಹೊಳಲ್ಕೆರೆ

ನಾನು ಅಚ್ಚು ಹಾಕಿಸುವ ಕಡೆಯವನು. ನಿಮ್ಮ ಮೆಟ್ಟಿಲುಗಳ ವಿಚಾರ ಸದಸ್ಯರಾರೂ ಕೇಳುವುದಿಲ್ಲ ಎಂದು ಹೇಳಲು ಬಂದಿದ್ದೆ. ಆದರೆ ಕಳೆದ ವರ್ಷ ನಮ್ಮ ಸಭೆಯಲ್ಲಿ ನಡೆದದ್ದು ನೆನಪಾಯಿತು. ಖರ್ಚು ಉಳಿಸಲು ವರದಿಯನ್ನು ಪೂರ್ತಿ ಕಪ್ಪು ಬಿಳುಪಿನಲ್ಲಿ ಮಾಡಿಸಿದ್ದೆವು. ಠೇವಣಿ ಹಸಿರು ಕಂಬ, ಸುಸ್ತಿ ಸಾಲ ಕೆಂಪು ಕಂಬ ಎಂದು ಕೆಳಗೆ ಬರೆದಿತ್ತು. ಕಂಬಗಳೆರಡೂ ಒಂದೇ ಬೂದು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, ನಮ್ಮ ಸುಸ್ತಿ ಯಾವುದು ಠೇವಣಿ ಯಾವುದು ಎಂದು ಕೇಳಿದಾಗ ಸಭೆ ನಕ್ಕಿತು, ನಾನು ನಗಲಿಲ್ಲ. ಪರದೆಯ ಮೇಲೆ ಅಷ್ಟು ಬೇರೆಯಾಗಿ ಕಾಣುವ ಬಣ್ಣಗಳು ಹೀಗೇಕೆ ಒಂದಾಗುತ್ತವೆ?

ಒತ್ತಕ್ಷರ, ದಾವಣಗೆರೆ

ಕಾರ್ಯದರ್ಶಿಗಳೇ, ಇದಕ್ಕೆ ಉತ್ತರ ಒಂದು ಗುಣಾಕಾರದಲ್ಲಿದೆ. ಬಣ್ಣವನ್ನು ಬೂದಾಗಿಸುವಾಗ ವ್ಯಾಪಕವಾಗಿ ಬಳಕೆಯಲ್ಲಿರುವ ಸೂತ್ರ ಕೆಂಪಿನ 0.299 ಪಾಲು, ಹಸಿರಿನ 0.587 ಪಾಲು, ನೀಲಿಯ 0.114 ಪಾಲು ತೆಗೆದುಕೊಂಡು ಕೂಡಿಸುತ್ತದೆ. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿಯೂ ನೀಲಿ ಕಡಿಮೆ ಬೆಳಕಾಗಿಯೂ ಕಾಣುವುದರಿಂದ ಈ ಪಾಲು. ಅಪ್ಪಟ ಕೆಂಪು ಅಂದರೆ 255, 0, 0. ಅದರ ಬೂದು 76 (ಇಲ್ಲಿ 0 ಎಂದರೆ ಕಪ್ಪು, 255 ಎಂದರೆ ಬಿಳಿ). ಎಲೆಹಸಿರಿನಂತಹ 0, 128, 0 ಎಂಬ ಹಸಿರಿನ ಬೂದು 75. ಕಾಗದದ ಮೇಲೆ ಈ ಎರಡನ್ನು ಬೇರೆ ಮಾಡಿ ತೋರಿಸುವ ಯಂತ್ರ ಯಾವ ಬೆಲೆಗೂ ಸಿಗುವುದಿಲ್ಲ. ಅದೇ ಸೂತ್ರದಲ್ಲಿ ಹಳದಿ 226 ಆಗುತ್ತದೆ, ಹೆಚ್ಚು ಕಡಿಮೆ ಬಿಳಿಯೇ. ಆದ್ದರಿಂದಲೇ ಹಳದಿಯಿಂದ ಗುರುತು ಮಾಡಿದ ಸಾಲುಗಳು ಕಪ್ಪು ಪ್ರತಿಯಲ್ಲಿ ಮಾಯವಾಗುತ್ತವೆ.

ನಕ್ಷೆ ಮಾಡುವವರು ಬಣ್ಣವನ್ನು ಆರಿಸುವಾಗಲೇ ಇದನ್ನು ನೋಡಬೇಕು. ನನ್ನ ಪದ್ಧತಿಯಲ್ಲಿ ಮೂರು ಕಂಬಗಳಿಗಿಂತ ಹೆಚ್ಚು ಇದ್ದರೆ ಬೂದನ್ನು ನಂಬುವುದಿಲ್ಲ. ಒಂದು ಪೂರ್ತಿ ಕಪ್ಪು, ಒಂದು 45 ಪ್ರತಿಶತ, ಒಂದು 15 ಪ್ರತಿಶತ, ನಾಲ್ಕನೆಯದಕ್ಕೆ ಓರೆಗೆರೆ. ಎಲ್ಲ ಕಂಬಗಳಿಗೂ ಕಪ್ಪು ಅಂಚು, ಕಂಬದ ತಲೆಯ ಮೇಲೆ ಮೊತ್ತ. ಆಗ ವಿವರಣೆಯ ಚೌಕಗಳೇ ಬೇಕಾಗುವುದಿಲ್ಲ, ಸುಸ್ತಿ ಎಂಬ ಮಾತನ್ನು ಕಂಬದ ಕೆಳಗೇ ಬರೆಯಬಹುದು.

ಮಂಡಿಪೇಟೆ ಮುದ್ರಕ, ದಾವಣಗೆರೆ

ಎರಡು ಭಾನುವಾರಗಳನ್ನು ಇದಕ್ಕಾಗಿಯೇ ಇಟ್ಟು ನೋಡಿದ್ದನ್ನು ಬರೆಯುತ್ತಿದ್ದೇನೆ. ಇಂಕ್‌ಕವ್ ಓಡಿಸಿದಾಗ 48 ಪುಟಗಳಲ್ಲಿ ಒಂದರಲ್ಲಿಯೂ ಮೊದಲ ಮೂರು ಸಂಖ್ಯೆಗಳು ಸೊನ್ನೆಯಾಗಿರಲಿಲ್ಲ. ಎಂಸಿಸಿಯವರು ಹೇಳಿದಂತೆ ಬರೀ ಅಂಕಿ ಅಂಶಗಳ ಪುಟವೊಂದರಲ್ಲಿ ಕಪ್ಪು ಪ್ಲೇಟನ್ನು ಮುಚ್ಚಿದೆ. ಖಾಲಿ ಪುಟದ ಅಡಿಯಲ್ಲಿ ಒಂದೇ ಒಂದು ಸಾಲು ಉಳಿಯಿತು: ಸಂಘದ ಇಮೇಲ್ ವಿಳಾಸ. ಯಾರೋ ಅದನ್ನು ಅಡಿಬರಹದಲ್ಲಿ ಟೈಪ್ ಮಾಡಿದ್ದಾರೆ, ವರ್ಡ್ ತಾನಾಗಿಯೇ ಅದನ್ನು ಕೊಂಡಿಯೆಂದು ತಿಳಿದು ನೀಲಿ ಬಣ್ಣ ಕೊಟ್ಟು ಅಡಿಗೆರೆ ಎಳೆದಿದೆ, ಅಡಿಬರಹವಾದ್ದರಿಂದ ಅದು ಎಲ್ಲ ಪುಟಗಳಿಗೂ ಹೋಗಿದೆ. 44,800 ರೂಪಾಯಿ ನುಂಗಿದ್ದು ಆ ಒಂದು ಸಾಲು.

ಈಗ ಇನ್ನೊಂದು ಸಂಘದ 56 ಪುಟಗಳ ವರದಿ ಬಂದಿದೆ. ಕೊಂಡಿಗಳನ್ನು ತೆಗೆದೆ, ಶೀರ್ಷಿಕೆಗಳನ್ನು ಪೂರ್ತಿ ಕಪ್ಪು ಮಾಡಿದೆ, ಬೂದು ಅಕ್ಷರಗಳಿದ್ದಲ್ಲಿ ದಪ್ಪಕ್ಷರ ಹಾಕಿದೆ. ಎರಡೂ ಯಂತ್ರಗಳ 21 ಚೌಕಗಳ ಪಟ್ಟಿಯನ್ನು ಕಿಟಕಿಯ ಬಳಿ ಹಿಡಿದು ನೋಡಿದರೆ ಹೊಸದರ 20ಕ್ಕೆ ಹಳೆಯದರ 10 ಮತ್ತು 15ರ ನಡುವೆ ಎಲ್ಲೋ ಸಮವಾಗುತ್ತಿತ್ತು. 13 ಎಂದು ಇಟ್ಟು ಒಂದು ಪ್ರತಿ ತೆಗೆದೆ. ಎದುರುಬದುರು ಪುಟಗಳನ್ನು ಬಿಡಿಸಿ ನನ್ನ ಹೆಂಡತಿಯ ಕೈಗೆ ಕೊಟ್ಟು, ಯಾವುದು ಯಾವ ಯಂತ್ರದ್ದೆಂದು ಹೇಳು ಎಂದೆ. ಮೂರು ಸಲಕ್ಕೆ ಎರಡು ಸಲ ತಪ್ಪು ಹೇಳಿದಳು. ನನಗೆ ಅದಕ್ಕಿಂತ ಬೇರೆ ಪ್ರಮಾಣಪತ್ರ ಬೇಕಾಗಿಲ್ಲ. ಆದರೆ ಅದೇ ಹಾಳೆಗಳಲ್ಲಿ ದುರ್ಗದವರು ಹೇಳಿದ ಕಲೆಯೂ ಸಿಕ್ಕಿತು. ತೆಳು ಬೂದಿನ ಪಟ್ಟಿಯೊಂದರಲ್ಲಿ, ಸ್ಕೇಲ್ ಇಟ್ಟು ಅಳೆದರೆ ಸರಿಯಾಗಿ 94 ಮಿಲಿಮೀಟರ್‌ಗೊಮ್ಮೆ.

ಒಂದು ಪುಟ ಮಾತ್ರ ಬಣ್ಣದಲ್ಲಿಯೇ ಉಳಿಯಿತು. ಲೆಕ್ಕಪರಿಶೋಧನೆಯ ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿ ಸೇರಿಸಿದ ಪುಟವದು, ಮೇಲೆ ನೇರಳೆ ಮೊಹರು, ನೀಲಿ ಸಹಿ. ಗ್ರೇಸ್ಕೇಲ್ ಮಾಡಿದರೆ ಮೊಹರು ಮತ್ತು ಅದರ ಕೆಳಗಿನ ಅಕ್ಷರಗಳು ಒಂದೇ ಕಪ್ಪಾಗಿ ಸಹಿದಾರರ ಹುದ್ದೆಯೇ ಓದಲಾಗುತ್ತಿರಲಿಲ್ಲ. ಸಂಘದವರನ್ನು ಕೇಳಿದೆ, ಮೊಹರು ಮೊಹರಿನಂತೆಯೇ ಕಾಣಬೇಕೆಂದು ಆ ಪುಟಕ್ಕೆ ಬಣ್ಣದ ದರವನ್ನು ಅವರೇ ಒಪ್ಪಿಕೊಂಡರು. ಹಳೆಯ ಯಂತ್ರಕ್ಕೆ ಹೊಸ ಡ್ರಮ್ ಬುಧವಾರ ಬರುತ್ತದೆ. ಹಾಕಿದ ಮೇಲೆ ಪಟ್ಟಿಯನ್ನು ಮತ್ತೆ ತೆಗೆಯಬೇಕು, 13 ಎಂಬ ಅಂಕಿ ಆಗ ನಿಲ್ಲುವುದಿಲ್ಲ ಎಂದು ಈಗಲೇ ಅನ್ನಿಸುತ್ತಿದೆ.